‘ಕಚ್ಚಿಕೊಂಡಿದೆ’ ಮತ್ತು ‘ಕಚ್ಚುತ್ತಿಲ್ಲ’: ಸೈಲೆನ್ಸರ್ ನಟ್ಟು-ಬೋಲ್ಟಿಗೆ ಯಾವ ಮಾತು?

ನಟ್ಟು ಕಚ್ಚಿಕೊಂಡಿದೆ ಅಂದರೂ ತೊಂದರೆ, ಕಚ್ಚುತ್ತಿಲ್ಲ ಅಂದರೂ ತೊಂದರೆ. ಕೋಲಾರದ ಗ್ಯಾರೇಜುಗಳಲ್ಲಿ ಈ ಎರಡೂ ಮಾತು ದಿನಾ ಕಿವಿಗೆ ಬೀಳುತ್ತವೆ. ಕೆಲಸ ಮಾಡುವವರಿಗೆ ಇದರಲ್ಲಿ ಗೊಂದಲವೇ ಇಲ್ಲ. ಬರೆಯಲು ಕೂತವನಿಗೆ ಇದೆ. ಐಟಿಐ ಹುಡುಗರಿಗೆಂದು ಕಾರಿನ ಸೈಲೆನ್ಸರ್ ಬಿಚ್ಚಿ ಕೂರಿಸುವ ಬಗ್ಗೆ ಒಂದು ಸಣ್ಣ ಟಿಪ್ಪಣಿ ಬರೆಯುತ್ತಿದ್ದೇನೆ. ಅದಕ್ಕೇ ಕೇಳುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ಇಂಜಿನ್ನಿಂದ ಹೊಗೆ ಹೊರಗೆ ಬರುವ ತನಕ ಇರುವುದೆಲ್ಲ ನಮ್ಮ ಕಡೆ ಸೈಲೆನ್ಸರ್ರೇ. ನಿಜಕ್ಕೂ ಆ ಹೆಸರು ಹಿಂದಿನ ಡಬ್ಬಿಗೆ ಮಾತ್ರ. ಅದನ್ನು ತಿದ್ದಲು ಹೋಗುವುದಿಲ್ಲ.

ಈಗ ‘ಕಚ್ಚು’. ಇಂಜಿನ್ ಹತ್ತಿರದ ಸ್ಟಡ್ಡುಗಳು (ನಟ್ಟು ಕೂರುವ, ತಲೆಯಿಲ್ಲದ ಬೋಲ್ಟುಗಳು) ದಿನಾ ಕಾಯುತ್ತವೆ, ತಣಿಯುತ್ತವೆ. ಕೆಳಗಿನ ಪೈಪಿನ ಜೋಡಣೆಗೆ ಮಳೆನೀರು, ಕೆಸರು ಬೇರೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಜಾಸ್ತಿ ಜಾಗ ಬೇಕು. ಥ್ರೆಡ್ಡಿನ, ಅಂದರೆ ಸುರುಳಿ ಗೆರೆಗಳ, ಸಂದಿಯಲ್ಲಿ ಆ ಜಾಗ ಎಲ್ಲಿದೆ? ಅಲ್ಲೇ ಉಬ್ಬಿ ಬೆಣೆ ಹೊಡೆದ ಹಾಗೆ ಕೂರುತ್ತದೆ. ಆಗ ‘ನಟ್ಟು ಕಚ್ಚಿಕೊಂಡಿದೆ’.

ಅದೇ ನಟ್ಟಿನ ಮೂಲೆಗಳು ತುಕ್ಕಿಗೆ ಸವೆದು ಉರುಟಾದರೆ ‘ಸ್ಪ್ಯಾನರ್ ಕಚ್ಚುತ್ತಿಲ್ಲ’. ನಟ್ಟಿನ ಮೇಲೆ ಟೋಪಿಯಂತೆ ಕೂರುವ ಸಾಕೆಟ್ಟಿನಲ್ಲಿ 12 ಮೂಲೆಯದು ಹಾಕಿದರೆ ಇನ್ನೂ ಜಾರುತ್ತದೆ, ಇದಕ್ಕೆ 6 ಮೂಲೆಯದೇ ಬೇಕು. ಇನ್ನು ವಾಪಸ್ ಹಾಕುವಾಗ, ‘ಕೈಯಲ್ಲೇ ಎರಡು ಸುತ್ತು ಕಚ್ಚಿಸು, ಆಮೇಲೆ ಸ್ಪ್ಯಾನರ್ ಹಾಕು’. ಇಲ್ಲಿ ಕಚ್ಚಿದರೇ ಒಳ್ಳೆಯದು. ಓರೆಯಾಗಿ ಕಚ್ಚಿದರೆ ಥ್ರೆಡ್ಡು ಹಾಳು.

ಬೇಕಾದ ಹಿಡಿತಕ್ಕೆ ‘ಕಚ್ಚು’, ಬೇಡದ ಹಿಡಿತಕ್ಕೆ ‘ಕಚ್ಚಿಕೊಳ್ಳು’ ಅಂತ ಗೆರೆ ಎಳೆಯೋಣ ಅಂದುಕೊಂಡೆ. ಆದರೆ ‘ಗ್ಯಾಸ್ಕೆಟ್ (ಜೋಡಣೆಯಲ್ಲಿ ಹೊಗೆ ಸೋರದಂತೆ ಇಡುವ ಪಟ್ಟಿ) ಚೆನ್ನಾಗಿ ಕಚ್ಚಿಕೊಂಡು ಕೂತಿದೆ’ ಅಂದರೆ ಹೊಗಳಿಕೆ, ಅಲ್ವಾ? ನಿಮ್ಮ ಕಡೆ ಈ ವ್ಯತ್ಯಾಸ ನಿಲ್ಲುತ್ತದಾ?

ಟಿಪ್ಪಣಿಗೆ ನಾನು ಇಟ್ಟಿದ್ದ ಹೆಸರು ‘ಮೊಂಡು ಬೋಲ್ಟು’. ಹಟಮಾರಿ ಅನ್ನುವ ಅರ್ಥದಲ್ಲಿ. ಅದನ್ನು ಓದಿದ ಮೆಕ್ಯಾನಿಕ್ ಒಬ್ಬರು ಕೇಳಿದ್ದು: ‘ತಲೆ ಮೊಂಡಾಗಿದೆಯಾ?’ ಕತ್ತಿ ಮೊಂಡಾಗುತ್ತದಲ್ಲ, ಆ ಮೊಂಡು. ಎರಡಕ್ಕೂ ಮದ್ದು ಬೇರೆ ಬೇರೆ, ಸುಮ್ನೆ ಪದದ ಜಗಳ ಅಲ್ಲ. ಕಚ್ಚಿಕೊಂಡಿದ್ದರೆ ಹಿಂದಿನ ರಾತ್ರಿಯೇ ತುಕ್ಕಿಗೆ ಇಳಿಯುವ ಎಣ್ಣೆ ಬಿಟ್ಟು ನೆನೆಸಬೇಕು. ಬೆಳಿಗ್ಗೆ ಮೊದಲು ಬಿಗಿ ಮಾಡುವ ಕಡೆಗೇ ಕೂದಲೆಳೆಯಷ್ಟು ತಿರುಗಿಸಿ, ತುಕ್ಕಿನ ಹಿಡಿತ ಮುರಿಯಬೇಕು. ಆಮೇಲೆ ಹಿಂದೆ ಮುಂದೆ ಆಡಿಸುತ್ತಾ ಬಿಚ್ಚಬೇಕು. ಬಗ್ಗದಿದ್ದರೆ ಎಣ್ಣೆ ಒರೆಸಿ, ಪೆಟ್ರೋಲ್ ಪೈಪು, ರಬ್ಬರ್ ಹತ್ತಿರ ಇಲ್ಲ ಅಂತ ನೋಡಿಕೊಂಡು ನಟ್ಟಿಗೆ ಬೆಂಕಿ ತೋರಿಸಬೇಕು. ನಟ್ಟು ಹಿಗ್ಗಿ ಸಡಿಲ ಬಿಡುತ್ತದೆ. ತಲೆ ಮೊಂಡಾಗಿದ್ದರೆ ಬರೀ ಎಣ್ಣೆಯಿಂದ ಏನೂ ಆಗದು. ಸ್ವಲ್ಪ ಚಿಕ್ಕ ಸಾಕೆಟ್ಟನ್ನು ಸುತ್ತಿಗೆಯಿಂದ ಹೊಡೆದು ಕೂರಿಸಬೇಕು, ಇಲ್ಲವೇ ಮೇಲೆ ಹೊಸ ನಟ್ಟು ವೆಲ್ಡ್ ಮಾಡಿ ತಿರುಗಿಸಬೇಕು. ಹಾಗಾಗಿ ‘ಮೊಂಡು’ ತೆಗೆದುಬಿಟ್ಟೆ.

ಇಲ್ಲಿ ತೆಲುಗು ಮಾತಾಡುವವರು ‘ಬಿಗುಸುಕುಪೋಯಿಂದಿ’ ಅನ್ನುತ್ತಾರೆ. ಅದರ ಜಾಡಿನಲ್ಲೇ ಕನ್ನಡದಲ್ಲಿ ‘ಬಿಗಿದುಕೊಂಡಿದೆ’ ಅನ್ನುವುದೂ ಉಂಟು. ನನಗೆ ಅದು ಅಷ್ಟು ಹಿಡಿಸಲಿಲ್ಲ. ಬಿಗಿ ಮಾಡುವುದು ಮನುಷ್ಯ, ಕಚ್ಚಿಸುವುದು ತುಕ್ಕು. ಅರ್ಧ ಬಿಗಿದಿದ್ದ ನಟ್ಟೂ ಕಚ್ಚಿಕೊಳ್ಳಬಹುದು. ‘ಜಾಮ್ ಆಗಿದೆ’ ಎಲ್ಲರಿಗೂ ಗೊತ್ತಾಗುತ್ತದೆ, ಆದರೆ ಬಾಗಿಲಿನ ಚಿಲಕದಿಂದ ಹಿಡಿದು ಪ್ರಿಂಟರಿನವರೆಗೆ ಎಲ್ಲದಕ್ಕೂ ಅದೇ.

ಕರಡು ನೋಡಿದವರೊಬ್ಬರು ‘ತುಕ್ಕು’ ಬದಲು ‘ಕಿಲುಬು’ ಹಾಕಿ ಅಂದರು. ಕಿಲುಬು ಹಿಡಿಯುವುದು ತಾಮ್ರ, ಹಿತ್ತಾಳೆಗೆ. ಇಲ್ಲಿ ಆ ವ್ಯತ್ಯಾಸ ಉಳಿಸಿಕೊಳ್ಳಲೇಬೇಕು. ಯಾಕೆಂದರೆ ಉಕ್ಕಿನ ಸ್ಟಡ್ಡಿಗೆ ತುಕ್ಕು ಹಿಡಿಯದ ಹಿತ್ತಾಳೆ ನಟ್ಟು ಹಾಕುವ ರೂಢಿ ಇರುವುದೇ ಮುಂದಿನ ಸಲ ಸುಲಭವಾಗಿ ಬಿಚ್ಚಿಕೊಳ್ಳಲಿ ಅಂತ.

ಕೊನೆಯದು, ನನಗೆ ನಿಜವಾಗಿ ಸಿಗದ ಪದ. ಮುಂದೆ ಕಚ್ಚಿಕೊಳ್ಳದಿರಲಿ ಅಂತ ವಾಪಸ್ ಹಾಕುವ ಮೊದಲು ಥ್ರೆಡ್ಡಿಗೆ ಹಚ್ಚುವ ಪೇಸ್ಟು, ಆಂಟಿ-ಸೀಜ್. ಗ್ಯಾರೇಜಿನಲ್ಲಿ ಇದಕ್ಕೆ ‘ತಾಮ್ರದ ಗ್ರೀಸು’ ಅಂತಾರೆ. ಚೆನ್ನಾಗಿದೆ, ಆದರೆ ಗ್ರೀಸು ಅಂದ ಕೂಡಲೇ ಹುಡುಗರು ಪಕ್ಕದ ಡಬ್ಬಿಯ ಮಾಮೂಲಿ ಗ್ರೀಸಿಗೇ ಕೈ ಹಾಕುತ್ತಾರೆ. ಸೈಲೆನ್ಸರಿನ ಕಾವಿಗೆ ಅದು ಸುಟ್ಟು ಹೋಗುತ್ತದೆ. ನಿಕಲ್ ಬೆರೆಸಿದ ಪೇಸ್ಟೂ ಬರುವುದರಿಂದ ‘ತಾಮ್ರ’ ಅನ್ನುವುದೂ ಪೂರ್ತಿ ಸರಿಯಲ್ಲ. ಇನ್ನೊಂದು ಎಚ್ಚರಿಕೆಯನ್ನೂ ಬರೆಯಬೇಕಿದೆ: ಪೇಸ್ಟು ಹಚ್ಚಿದ ನಟ್ಟು ಜಾರುತ್ತಾ ಹೋಗುತ್ತದೆ. ಒಣ ಥ್ರೆಡ್ಡಿಗೆ ಹೇಳಿದ ಟಾರ್ಕ್ (ತಿರುಗಿಸುವ ಬಲ) ಅಷ್ಟನ್ನೇ ಹಾಕಿದರೆ ಸ್ಟಡ್ಡಿನ ಮೇಲೆ ಎಳೆತ ಜಾಸ್ತಿಯಾಗುತ್ತದೆ. ಸದ್ಯಕ್ಕೆ ‘ಕಚ್ಚುತಡೆ ಪೇಸ್ಟು’ ಅಂತ ಬರೆದಿದ್ದೇನೆ. ಓದಿದರೆ ಹಾವು ಕಡಿತದ ಔಷಧಿ ನೆನಪಾಗುತ್ತದೆ ಅಂತ ಮನೆಯಲ್ಲಿ ನಗುತ್ತಾರೆ.

ಪಾವಗಡ, ಶಿರಾ, ಗೌರಿಬಿದನೂರು ಕಡೆಯ ಗ್ಯಾರೇಜುಗಳಲ್ಲಿ ಇದಕ್ಕೆ ಏನಂತಾರೆ? ಬಾಯಿಮಾತಿನಲ್ಲಿ ಕೇಳಿದ್ದೇ ಬೇಕು, ನಿಘಂಟಿನದು ಬೇಡ.