ಅಪರೂಪದ ಇಂಗ್ಲಿಷ್ ಪದಗಳ ಅರ್ಥ ತಲೆಯಲ್ಲಿ ಉಳಿಯೋಕೆ ಏನು ಮಾಡ್ತೀರಿ?

ಪ್ರಶ್ನೆ: ಇಂಗ್ಲಿಷ್ ಸಂಪಾದಕೀಯ, ಪ್ರಬಂಧ ಓದುವಾಗ ಪುಟಕ್ಕೆ ನಾಲ್ಕೈದು ಗೊತ್ತಿಲ್ಲದ ಪದ ಸಿಗುತ್ತವೆ. ನೋಟ್‌ಬುಕ್ಕಿನಲ್ಲಿ ಅರ್ಥ ಬರೆದಿಟ್ಟರೂ ವಾರದಲ್ಲಿ ಮರೆತುಹೋಗುತ್ತದೆ. ಪಟ್ಟಿ ಉರು ಹೊಡೆಯೋದು ಬಿಟ್ಟು ಬೇರೆ ದಾರಿ ಇದ್ದರೆ ತಿಳಿಸಿ.

ಉತ್ತರ 1: ಪದದ ಮುಂದೆ ಒಂದೇ ಒಂದು ಕನ್ನಡ ಪದ ಬರೆದಿದ್ದರೆ ಅಲ್ಲೇ ಎಡವಟ್ಟು. ಟ್ಯಾಸಿಟರ್ನ್, ರೆಟಿಸೆಂಟ್, ಲಕಾನಿಕ್ ಮೂರಕ್ಕೂ ‘ಮಿತಭಾಷಿ’ ಅಂತ ಬರೆದುಕೊಂಡರೆ ಮೂರೂ ಕಲಸುಮೇಲೋಗರ. ಟ್ಯಾಸಿಟರ್ನ್ ಅಂದರೆ ಹುಟ್ಟುಗುಣದಿಂದಲೇ ಮಾತು ಕಡಿಮೆ. ರೆಟಿಸೆಂಟ್ ಆದವರು ಮನಸ್ಸಿನಲ್ಲಿರೋದನ್ನ ಬಾಯಿಬಿಡಲು ಹಿಂಜರಿಯುತ್ತಾರೆ. ಬೇರೆ ವಿಷಯಕ್ಕೆ ಧಾರಾಳವಾಗಿ ಮಾತಾಡಿಯಾರು. ಲಕಾನಿಕ್ ಉತ್ತರ ಎರಡು ಮೂರು ಪದದ್ದು, ಆದರೆ ಚುರುಕು. ಪ್ರಾಚೀನ ಗ್ರೀಸಿನಲ್ಲಿ ಸ್ಪಾರ್ಟಾ ನಗರವಿದ್ದ ಲಕೋನಿಯಾ ಪ್ರಾಂತದವರ ಮಾತಿನ ವೈಖರಿಯಿಂದ ಬಂದದ್ದು. ಹಾಗಾಗಿ ಪದ ಸಿಕ್ಕ ವಾಕ್ಯವನ್ನೇ ಪೂರ್ತಿ ಇಳಿಸಿಕೊಳ್ಳಿ, ಯಾರ ಬಗ್ಗೆ, ಯಾವ ಧಾಟಿಯಲ್ಲಿ ಅನ್ನೋದು ಪಕ್ಕದಲ್ಲಿರಲಿ. ಇಂಥ ಹತ್ತಿರದ ಪದಗಳನ್ನು ಒಂದೇ ದಿನ ಕಲಿಯಬೇಡಿ. ಒಂದು ಗಟ್ಟಿಯಾದ ಮೇಲೆ ಇನ್ನೊಂದು.

ಉತ್ತರ 2: ಪದವನ್ನು ಸಮಾಸ ಬಿಡಿಸಿದ ಹಾಗೆ ಬಿಡಿಸಿ ನೋಡಿ. ಲ್ಯಾಟಿನ್ನಿನಲ್ಲಿ ‘ಲೊಕ್ವಿ’ ಅಂದರೆ ಮಾತಾಡು. ಇದೊಂದು ಗೊತ್ತಿದ್ದರೆ ವಾಚಾಳಿಯ ಲೊಕ್ವೇಷಸ್, ಸ್ವಗತದ ಸೊಲಿಲೊಕ್ವಿ, ಸುತ್ತಿಬಳಸಿ ಹೇಳುವ ಸರ್ಕಮ್‌ಲೊಕ್ಯೂಷನ್ ಮೂರೂ ಕೈಗೆ ಸಿಗುತ್ತವೆ.

ಉತ್ತರ 3: ಧಾತು ಹುಡುಕೋದು ಸರಿ, ಊಹೆ ಮಾತ್ರ ಕೈಕೊಡುತ್ತದೆ. ಎರಡೂ ped ಅಂತಲೇ ಶುರುವಾದರೂ ಪೆಡೆಸ್ಟ್ರಿಯನ್‌ನಲ್ಲಿ (ಪಾದಚಾರಿ) ಇರೋದು ಲ್ಯಾಟಿನ್ನಿನ ಕಾಲು, ಪೀಡಿಯಾಟ್ರಿಕ್ಸ್‌ನಲ್ಲಿ (ಮಕ್ಕಳ ವೈದ್ಯ) ಇರೋದು ಗ್ರೀಕಿನ ಮಗು. ಎನರ್ವೇಟ್ ಅಂದಾಗ ಎನರ್ಜಿ ನೆನಪಾಗುತ್ತದೆ, ಅರ್ಥ ತದ್ವಿರುದ್ಧ: ತ್ರಾಣ ಹೀರು. ನಾಯ್ಸಮ್‌ಗೂ ಸದ್ದಿಗೂ ಸಂಬಂಧವಿಲ್ಲ, ಅದು ದುರ್ನಾತ. ರೆಸ್ಟಿವ್ ಆದವರಿಗೆ ರೆಸ್ಟೇ ಇಲ್ಲ, ಚಡಪಡಿಕೆ. ನಿಘಂಟು ತೆರೆಯದೆ ಇವುಗಳ ತಂಟೆಗೆ ಹೋಗಬೇಡಿ. ಅಲ್ಲಿ ಫಾರ್ಮಲ್ (ಔಪಚಾರಿಕ), ಆರ್ಕೇಯಿಕ್ (ಹಳೆಗಾಲದ್ದು), ಡೆರೊಗೆಟರಿ (ಹೀಗಳೆಯುವಂಥದ್ದು) ಅನ್ನುವ ಗುರುತುಗಳಿರುತ್ತವೆ. ಅವನ್ನು ಹಾರಿಸಿದರೆ ಹೊಗಳಲು ಹೋಗಿ ಬೈದಂತಾಗುತ್ತದೆ.

ಉತ್ತರ 4: ಮರೆವಿಗೆ ಮದ್ದು ಆಂಕಿ (ಕಾರ್ಡು ಮಾಡಿಟ್ಟು ಆಗಾಗ ತಿರುಗಿ ನೋಡಿಸುವ ಆ್ಯಪ್), ಇಲ್ಲವೇ ಕಾಗದದ ಚೀಟಿ. ಕಾರ್ಡಿನ ಮುಂದೆ ಪದದ ಜಾಗ ಖಾಲಿ ಬಿಟ್ಟ ವಾಕ್ಯ, ಹಿಂದೆ ಪದ, ಅರ್ಥ, ಉಚ್ಚಾರ. ಉಚ್ಚಾರ ಬಿಡಬೇಡಿ: ‘ಎಪಿಟಮಿ’ಯನ್ನು ‘ಎಪಿಟೋಮ್’ ಅಂತ ಓದಿಕೊಂಡವರಿಗೆ ಅದು ಕಿವಿಗೆ ಬಿದ್ದರೂ ಗುರುತು ಸಿಗೋದಿಲ್ಲ. ಕಲಿತ ದಿನದಿಂದ 1, 3, 7, 16, 35ನೇ ದಿನ ತಿರುಗಿ ನೋಡಿ. ತಪ್ಪಿದರೆ ಮತ್ತೆ 1ರಿಂದ. ದಿನಕ್ಕೆ ಹೊಸದು 5 ಸಾಕು. 20 ಹಾಕಿದರೆ ಎರಡನೇ ವಾರಕ್ಕೆ ಹಳೆಯವೇ ದಿನಕ್ಕೆ 60 ಆಗಿ ಕೂರುತ್ತವೆ, ಬಹಳಷ್ಟು ಜನ ಕೈಬಿಡೋದು ಅಲ್ಲೇ.

ಪ್ರಶ್ನೆ ಕೇಳಿದವರು: ಧನ್ಯವಾದ. ಹಳೇ ನೋಟ್‌ಬುಕ್ಕಿನ ಪದಗಳನ್ನೆಲ್ಲ ಕಾರ್ಡಿಗೆ ಏರಿಸಬೇಕೇ?

ಉತ್ತರ 4: ಬೇಡ. ಎಲ್ಲಿ ಓದಿದ್ದು ಅಂತ ನೆನಪಿದ್ದು ವಾಕ್ಯ ಸಿಗುವಂಥವನ್ನು ಮಾತ್ರ ಏರಿಸಿ. ಉಳಿದವು ಇನ್ನೊಮ್ಮೆ ಎದುರಾದಾಗ ನೋಡಿಕೊಂಡರಾಯಿತು.