ನೇತ್ರಾಣಿಗೆ ಯಾವ ಕ್ಯಾಮೆರಾ? ಹೌಸಿಂಗ್ ಬೇಕೇ ಬೇಕಾ?

ಬೆಂಗ್ಳೂರ್_ಮೀನು:
ಸ್ಕೂಬಾ ಡೈವಿಂಗ್‌ನ ಮೊದಲ ಹಂತ, ಓಪನ್ ವಾಟರ್ ಕೋರ್ಸ್ ಮುಗೀತು. ಡಿಸೆಂಬರ್‌ನಲ್ಲಿ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗ್ತಿದ್ದೀನಿ, ನೀರೊಳಗೆ ಫೋಟೊ ತೆಗೆಯೋ ಆಸೆ. ಮನೇಲಿ ಮಿರರ್‌ಲೆಸ್ ಕ್ಯಾಮೆರಾ ಇದೆ, ಆದ್ರೆ ಅದರ ಹೌಸಿಂಗ್ (ನೀರು ನುಗ್ಗದ ಹೊರಕವಚ) ರೇಟು ಕೇಳಿದ್ರೆ ಕ್ಯಾಮೆರಾಗಿಂತ ಜಾಸ್ತಿ! ಟಿಜಿ-7 ಅನ್ನೋ ಪುಟ್ಟ ಕ್ಯಾಮೆರಾ ವಾಟರ್‌ಪ್ರೂಫ್ ಅಂತಾರಲ್ಲ, ಹೌಸಿಂಗ್ ಇಲ್ದೆ ನಡಿಯುತ್ತಾ? ಸೆಕೆಂಡ್ ಹ್ಯಾಂಡ್ ತಗೋಬಹುದಾ?

ಕುಂದಾಪ್ರ_ಕಡಲು:
ಟಿಜಿ-7 ಒಳ್ಳೇದೇ. ಆದ್ರೆ ಹೌಸಿಂಗ್ ಇಲ್ದೆ ಅದರ ಮಿತಿ 15 ಮೀಟರ್, ನಿಮ್ಮ ಕೋರ್ಸಿನ ಮಿತಿ 18. ಆ ಮೂರು ಮೀಟರ್‌ನಲ್ಲೇ ದುಡ್ಡು ನೀರುಪಾಲಾಗುವುದು ಮಾರಾಯ್ರೆ. ಪಿಟಿ-059 ಹೌಸಿಂಗ್ ಹಾಕಿದ್ರೆ 45 ಮೀಟರ್. ಟಿಜಿ-6ಕ್ಕೂ ಅದೇ ಹೌಸಿಂಗ್, ಹಾಗಾಗಿ ಹಳೇ ಟಿಜಿ-6 ಸಿಕ್ರೂ ತಗೊಳ್ಳಿ. ಮೈಕ್ರೋಸ್ಕೋಪ್ ಮೋಡ್‌ನಲ್ಲಿ ಒಂದು ಸೆಂಟಿಮೀಟರ್ ಹತ್ತಿರ ಹೋದ್ರೂ ಫೋಕಸ್ ಆಗ್ತದೆ, ಬಂಡೆ ಮೇಲಿನ ನ್ಯೂಡಿಬ್ರಾಂಕ್‌ಗೆ (ಬಣ್ಣದ ಪುಟ್ಟ ಕಡಲ ಹುಳು) ಇದಕ್ಕಿಂತ ಇನ್ನೇನು ಬೇಕು! ಮಿರರ್‌ಲೆಸ್ ಹೌಸಿಂಗ್ ಸಾಮಾನ್ಯವಾಗಿ ಒಂದೇ ಮಾಡೆಲ್‌ಗೆ ಕೂರುವುದು. ನಾಳೆ ಬಾಡಿ ಬದಲಿಸಿದ್ರೆ ಅದು ಶೋಕೇಸಿಗೆ.

ಉಳಿದ ದುಡ್ಡಲ್ಲಿ ಒಂದು ಟಾರ್ಚ್ ತಗೊಳ್ಳಿ. ಐದಾರು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬಣ್ಣ ಹೋಗಿರ್ತದೆ, ಕೆಂಪು ಮೀನೂ ಬೂದಿ ಬಣ್ಣ.

ಇನ್ನು ಓ-ರಿಂಗ್, ಅಂದ್ರೆ ಹೌಸಿಂಗ್ ಬಾಗಿಲಿಂದ ನೀರು ಒಳಗೆ ಬರದ ಹಾಗೆ ತಡೆಯುವ ರಬ್ಬರ್ ಬಳೆ. ಹಿಂದಿನ ರಾತ್ರಿ ರೂಮಲ್ಲೇ ಕೂತು ಮಾಡಿ, ದೋಣಿ ಮೇಲೆ ಬೇಡ. ರಿಂಗನ್ನು ಬೆರಳಲ್ಲಿ ಹಿಂಡಿ ಎಬ್ಬಿಸಿ, ಪಿನ್ನು ಚಾಕು ಹಾಕ್ಬೇಡಿ. ಬೆರಳ ತುದಿಯಲ್ಲಿ ಸುತ್ತ ಸವರಿ ನೋಡಿ. ಒಂದು ಕೂದಲು, ಒಂದು ಮರಳ ಕಣ ಇದ್ರೂ ಕೈಗೆ ತಿಳೀತದೆ. ರಿಂಗ್ ಕೂರುವ ತೋಡನ್ನೂ ಒರೆಸಿ. ಗ್ರೀಸ್ ಹೌಸಿಂಗ್ ಜೊತೆ ಬಂದದ್ದೇ, ರಿಂಗ್ ಮಿನುಗುವಷ್ಟು ಮಾತ್ರ. ಮೆತ್ತಿದ್ರೆ ಅದೇ ಕಸ ಹಿಡೀತದೆ. ವ್ಯಾಸಲೀನ್ ಅಂತೂ ಬೇಡವೇ ಬೇಡ. ಮುಚ್ಚಿದ ಮೇಲೆ ಪಾರದರ್ಶಕ ಹಿಂಬದಿಯಿಂದ ರಿಂಗ್ ಪೂರ್ತಿ ಒಂದೇ ಸಮ ಕೂತಿದೆಯಾ ನೋಡಿ. ಒಳಗೆ ಸಿಲಿಕಾ ಜೆಲ್ ಇಡಿ, ಇಲ್ಲದಿದ್ರೆ ತಣ್ಣಗಿನ ನೀರಿಗೆ ಇಳಿದ ಕೂಡಲೇ ಗಾಜು ಮಂಜಾಗ್ತದೆ.

ಮೇಲೆ ಬಂದ ಮೇಲೆ ಸಿಹಿನೀರಲ್ಲಿ ಅರ್ಧ ಗಂಟೆ ನೆನೆಸಿ, ನೀರೊಳಗೇ ಎಲ್ಲ ಬಟನ್ ಒತ್ತಿ. ಉಪ್ಪು ಒಣಗಿ ಹರಳಾದ್ರೆ ಬಟನ್ ಸೀಲನ್ನು ತರೀತದೆ. ಬಿಸಿಲಲ್ಲಿ ಒಣಗಿಸಬೇಡಿ.

ಮಳೆಗಾಲ_ಬೇಡಪ್ಪ:
ಸೀಸನ್ ಮುಗಿದ ಮೇಲೂ ಹುಷಾರು! ಕರಾವಳಿ ಮಳೆಗೆ ಲೆನ್ಸಿಗೆ ಫಂಗಸ್ ಬೇಗ ಬರ್ತದೆ, ಡ್ರೈ ಕ್ಯಾಬಿನೆಟ್‌ನಲ್ಲಿ 40–50% ತೇವಾಂಶದಲ್ಲಿಡಿ. ಹೌಸಿಂಗ್ ಲಾಕ್ ಬಿಗಿ ಮಾಡಿ ಇಡ್ಬೇಡಿ, ರಿಂಗ್ ಚಪ್ಪಟೆಯಾಗ್ತದೆ. ವಿಮಾನದಲ್ಲೂ ರಿಂಗ್ ಕಳಚಿಡಿ, ಇಲ್ಲಾಂದ್ರೆ ಇಳಿದ ಮೇಲೆ ಒತ್ತಡಕ್ಕೆ ಬಾಗಿಲು ತೆರೆಯೋಕೆ ಬರಲ್ಲ. ಬ್ಯಾಟರಿ ಕ್ಯಾಬಿನ್ ಬ್ಯಾಗ್‌ಗೆ.

ಬೆಂಗ್ಳೂರ್_ಮೀನು:
ಥ್ಯಾಂಕ್ಸ್! ಒಳಗೆ ನೀರು ಕಂಡ್ರೆ?

ಕುಂದಾಪ್ರ_ಕಡಲು:
ಲೆನ್ಸ್ ಭಾಗ ಕೆಳಗೆ ಮಾಡಿ ಹಿಡ್ಕೊಂಡು ನಿಧಾನ ಬನ್ನಿ, ಓಡಿ ಬರ್ಬೇಡಿ. ಬೇಗ ಮೇಲೇರಿದ್ರೆ ಶ್ವಾಸಕೋಶಕ್ಕೆ ಅಪಾಯ, ಕ್ಯಾಮೆರಾಗಿಂತ ಅದು ದೊಡ್ಡದು. ಮೇಲೆ ಬಂದು ಬ್ಯಾಟರಿ ತೆಗೀರಿ, ಆನ್ ಮಾಡಿ ನೋಡೋ ಚಟ ಬೇಡ.

ಸೆಕೆಂಡ್ ಹ್ಯಾಂಡ್ ಹೌಸಿಂಗ್ ತಗೊಂಡ್ರೆ, ಕ್ಯಾಮೆರಾ ಬದಲು ಟಿಶ್ಯೂ ಇಟ್ಟು ಬಕೆಟ್‌ನಲ್ಲಿ ಮುಳುಗಿಸಿ ಅಂತ ಮಾರುವವರಿಗೇ ಹೇಳಿ. ನೋಡೋಣ, ಒಪ್ತಾರಾ ಅಂತ.