ರಾಣಿಪುರಂನಲ್ಲಿ ದಾರಿ ದಾಟಿದ್ದು ಚಿರತೆ ಮರಿಯಾ?

ಪ್ರಶ್ನೆ (ಬದಿಯಡ್ಕದಿಂದ):
ನಮಸ್ಕಾರ ಸರ್. ಕಳೆದ ಭಾನುವಾರ ನಾವು ಐದು ಜನ ನಮ್ಮ ಕಾಸರಗೋಡು ಜಿಲ್ಲೆಯ ರಾಣಿಪುರಂ ಗುಡ್ಡ ಹತ್ತಿದೆವು. ಹುಲ್ಲಿನ ಇಬ್ಬನಿ ಇನ್ನೂ ಆರಿರಲಿಲ್ಲ. ಕಾಡು ಮುಗಿದು ಹುಲ್ಲು ಶುರುವಾಗುವ ಕಡೆ, ಮೈತುಂಬ ಚುಕ್ಕೆ ಇದ್ದ ಪ್ರಾಣಿಯೊಂದು ದಾರಿ ದಾಟಿತು. ಮನೆಬೆಕ್ಕಿಗಿಂತ ಸ್ವಲ್ಪ ಎತ್ತರ. ಎರಡೇ ಸೆಕೆಂಡು. ಜೊತೆಗಿದ್ದ ಪನತ್ತಡಿಯ ಗೆಳೆಯ 'ಪುಲಿಕುಟ್ಟಿ' ಎಂದ. ನಾವು ಮನೆ ಮುಟ್ಟುವಷ್ಟರಲ್ಲಿ ಊರಿನ ವಾಟ್ಸಾಪ್‌ನಲ್ಲಿ 'ರಾಣಿಪುರಂನಲ್ಲಿ ಹುಲಿ' ಅಂತ ಬಂದಿತ್ತು. ಅಮ್ಮ ಹೆದರಿದ್ದಾರೆ. ಅದು ಏನಿರಬಹುದು?

ಉತ್ತರ:
ಮೊದಲು ಆ ಹೆಸರಿನ ಗೊಂದಲ ಬಿಡಿಸೋಣ. ಮಲಯಾಳದಲ್ಲಿ ಪುಲಿ ಅಂದರೆ ಚಿರತೆ. ಹುಲಿಗೆ ಅವರು ಕಡುವ ಅನ್ನುತ್ತಾರೆ. ತುಳುವಿನಲ್ಲಿ ಪಿಲಿ ಅಂದರೆ ಹುಲಿಯೇ. ಒಂದೇ ಮಾತು ಪನತ್ತಡಿಯಿಂದ ಬದಿಯಡ್ಕಕ್ಕೆ ಬರುವಾಗ ಪ್ರಾಣಿಯೇ ಬದಲಾಗಿಬಿಡುತ್ತದೆ. ನಮ್ಮ ಜಿಲ್ಲೆಯಲ್ಲಿ ಇಂಥ ಸುದ್ದಿ ಬಂದಾಗ ನಾನು ಕೇಳುವ ಮೊದಲ ಪ್ರಶ್ನೆ, 'ನೋಡಿದವರು ಯಾವ ಭಾಷೆಯಲ್ಲಿ ಹೇಳಿದರು?'

ಈಗ ನೀವು ನೋಡಿದ್ದು. ಎರಡು ವಿಷಯ ನೆನಪು ಮಾಡಿಕೊಂಡು ಹೇಳಿ. ಬಾಲ ಹೇಗಿತ್ತು? ಮೂತಿ ಚೂಪಾಗಿತ್ತಾ?

ಬದಿಯಡ್ಕದಿಂದ:
ಮೂತಿ ಚೂಪಿರಲಿಲ್ಲ ಸರ್, ಮುಖ ಬೆಕ್ಕಿನ ಹಾಗೇ ಗುಂಡಗೆ. ಹಣೆಯ ಮೇಲೆ ಬಿಳಿ ಗೀರು ಕಂಡ ನೆನಪು. ಫೋಟೋದಲ್ಲಿ ಹಿಂಭಾಗ ಮಾತ್ರ ಬಿದ್ದಿದೆ. ಬಾಲದಲ್ಲೂ ಚುಕ್ಕೆ ಇದೆ, ತುದಿಯ ಹತ್ತಿರ ಮಾತ್ರ ಬಳೆ ಇದ್ದಂತಿದೆ.

ಉತ್ತರ:
ಹಾಗಾದರೆ ಅದು ಚಿರತೆ ಬೆಕ್ಕು. ಹೆಸರಲ್ಲಿ ಚಿರತೆ ಇದ್ದರೂ ಗಾತ್ರ ಮನೆಬೆಕ್ಕಿನಷ್ಟೇ, ಕಾಲು ಸ್ವಲ್ಪ ಉದ್ದ. ಕಣ್ಣಿನ ಒಳಮೂಲೆಯಿಂದ ಹಣೆಗೆ ಏರುವ ಎರಡು ಬಿಳಿ ಗೀರು ಅದರ ಗುರುತು. ಕಿವಿಯ ಹಿಂದೆ ಒಂದೊಂದು ಬಿಳಿ ಬೊಟ್ಟೂ ಇರುತ್ತದೆ. ಮೈಮೇಲಿನದು ಬಿಡಿ ಚುಕ್ಕೆ. ಬೆಳೆದ ಚಿರತೆಯ ಬೆನ್ನು, ಪಕ್ಕೆ ನೋಡಿ, ನಾಲ್ಕೈದು ಕಪ್ಪು ಮಚ್ಚೆ ಸೇರಿ ಹೂವಿನ ಹಾಗೆ ಸುತ್ತುಗಟ್ಟಿರುತ್ತವೆ.

ಬೆಕ್ಕಿನಷ್ಟು ಗಾತ್ರದ ಚಿರತೆ ಮರಿ ಸಾಮಾನ್ಯವಾಗಿ ಒಂಟಿಯಾಗಿ ದಾರಿ ದಾಟುವುದಿಲ್ಲ, ಹತ್ತಿರದಲ್ಲೇ ತಾಯಿ ಇರುತ್ತಾಳೆ. ಅದಕ್ಕೇ, ಅನುಮಾನ ಬಂದರೆ ಫೋಟೋಗೆ ಅಂತ ಹಿಂದೆ ಹೋಗಲೇಬೇಡಿ.

ಮೂತಿ ಯಾಕೆ ಕೇಳಿದೆ ಅಂದರೆ, ಪುನುಗು ಬೆಕ್ಕಿಗೂ ಚುಕ್ಕೆ ಇದೆ. ಅದು ಬೆಕ್ಕಿನ ಜಾತಿಯೇ ಅಲ್ಲ. ಮೂತಿ ಚೂಪು, ಕಾಲು ಗಿಡ್ಡ, ಬಾಲಕ್ಕೆ ಬುಡದಿಂದ ತುದಿವರೆಗೂ ಕಪ್ಪು ಬಿಳಿ ಬಳೆ. ಎಷ್ಟೋ ಸಲ ಇದನ್ನು ನೋಡಿಯೇ ಜನ ಚಿರತೆ ಮರಿ ಅನ್ನುತ್ತಾರೆ. ಗುಡ್ಡ ಹತ್ತುವಾಗ ಮೈಬಣ್ಣದ ಹಿಂದೆ ಬೀಳಬೇಡಿ. ಮರದ ನೆರಳಲ್ಲಿ, ಇಳಿಬಿಸಿಲಲ್ಲಿ ಬಣ್ಣ ಮೋಸ ಮಾಡುತ್ತದೆ. ಗಾತ್ರವಂತೂ ಹೆದರಿಕೆಯಲ್ಲಿ ದುಪ್ಪಟ್ಟಾಗುತ್ತದೆ. ಪ್ರಾಣಿ ಪೊದೆ ಹೊಕ್ಕುವಾಗ ಕೊನೆಗೆ ಕಾಣುವುದು ಬಾಲ. ಅದನ್ನು ಸರಿಯಾಗಿ ನೋಡಿಕೊಳ್ಳಿ.

ಮುಳ್ಳೇರಿಯಾದಿಂದ:
ಸರ್, ನಮ್ಮ ತೋಟದ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು) ಬಾಯಲ್ಲಿ, ಒದ್ದೆ ಮಣ್ಣಿನಲ್ಲಿ ಹೆಜ್ಜೆ ಮೂಡಿದೆ. ನಾಲ್ಕು ಬೆರಳು. ಉಗುರಿನ ಗುರುತಿಲ್ಲ. ನಾಯಿಯೋ ಚಿರತೆಯೋ ಗೊತ್ತಾಗುತ್ತಿಲ್ಲ. ಬೆಳಗ್ಗೆ ಪಂಪ್ ಹಾಕಲು ಹೋಗಲು ಹೆದರಿಕೆ.

ಉತ್ತರ:
ಉಗುರಿನ ಗುರುತಿಲ್ಲ ಅಂದರೆ ಬೆಕ್ಕಿನ ಜಾತಿ ಅನ್ನಬಹುದು. ನಡೆಯುವಾಗ ಅವು ಉಗುರನ್ನು ಒಳಗೆ ಎಳೆದುಕೊಳ್ಳುತ್ತವೆ. ಹಿಮ್ಮಡಿಯ ಗುರುತನ್ನೂ ನೋಡಿ, ಹಿಂದಿನ ಅಂಚಿನಲ್ಲಿ ಮೂರು ಉಬ್ಬು ಇರಬೇಕು. ಆಮೇಲೆ ಹೆಜ್ಜೆಯ ಪಕ್ಕ 10 ರೂಪಾಯಿ ನಾಣ್ಯ ಇಟ್ಟು, ನೇರ ಮೇಲಿನಿಂದ ಫೋಟೋ ತೆಗೆಯಿರಿ. ನಾಣ್ಯದ ಅಗಲ 27 ಮಿಲಿಮೀಟರ್. ಮನೆಬೆಕ್ಕಿನ ಹೆಜ್ಜೆ ಹೆಚ್ಚುಕಡಿಮೆ ಆ ನಾಣ್ಯದಷ್ಟೇ. ಬೆಳೆದ ಚಿರತೆಯದ್ದು ಮೂರು ನಾಣ್ಯ ಒತ್ತಿಗಿಟ್ಟಷ್ಟು. ತೀರಾ ಒದ್ದೆ ಮಣ್ಣಿನಲ್ಲಿ ಹೆಜ್ಜೆ ಹರಡಿ ದೊಡ್ಡದಾಗಿ ಕಾಣುತ್ತದೆ, ಹಾಗಾಗಿ ಸ್ವಲ್ಪ ಗಟ್ಟಿ ನೆಲದಲ್ಲಿರುವುದನ್ನೂ ಹುಡುಕಿ.

ಪೆರ್ಲದಿಂದ:
ಗೇರುಗುಡ್ಡೆ ಸವರುವಾಗ ಪೊದೆಯಲ್ಲಿ ಮೂರು ಮರಿ ಸಿಕ್ಕಿವೆ ಅಣ್ಣ. ಮೈಮೇಲೆ ಮಸುಕು ಪಟ್ಟೆ ಇದೆ. ಕೆಲಸದವರು ಹುಲಿಮರಿ ಅನ್ನುತ್ತಿದ್ದಾರೆ. ಮಕ್ಕಳು ಮನೆಗೆ ತರೋಣ ಅಂತ ಹಟ ಹಿಡಿದಿದ್ದಾರೆ.

ಉತ್ತರ:
ದಯವಿಟ್ಟು ಮುಟ್ಟಬೇಡಿ. ಆ ಬದಿಯ ಕೆಲಸ ಈಗಲೇ ನಿಲ್ಲಿಸಿ. ಸವರಿದ ಸೊಪ್ಪನ್ನು ಮೊದಲಿದ್ದ ಹಾಗೆ ಮರಿಗಳ ಮೇಲೆ ಹಗುರಾಗಿ ಹೊದಿಸಿ, ಎಲ್ಲರೂ ದೂರ ಬನ್ನಿ. ನಾಯಿ ಇದ್ದರೆ ಕಟ್ಟಿಹಾಕಿ.

ಅವು ಕಾಡುಬೆಕ್ಕಿನ ಮರಿ ಇರಬೇಕು. ಹುಟ್ಟಿದಾಗ ಪಟ್ಟೆ ಇರುತ್ತದೆ, ಬೆಳೆದಂತೆ ಮಾಸಿ ಮೈಯೆಲ್ಲ ಒಂದೇ ಕಂದು ಬಣ್ಣ ಆಗುತ್ತದೆ. ದೊಡ್ಡದಾದ ಮೇಲೆ ಗುರುತು ಸುಲಭ: ಉದ್ದ ಕಾಲು, ಗಿಡ್ಡ ಬಾಲ, ಕಿವಿ ತುದಿಯಲ್ಲಿ ನಾಲ್ಕು ಕಪ್ಪು ಕೂದಲು. ದಟ್ಟ ಕಾಡಿಗಿಂತ ನಮ್ಮ ಪಾದೆ (ಕಲ್ಲುಹಾಸಿನ ಬಯಲು), ಗೇರುತೋಟ, ಗದ್ದೆಬದಿಯೇ ಅದಕ್ಕೆ ಇಷ್ಟ. ಇಲಿ ಹಿಡಿದು ತೋಟಕ್ಕೆ ಉಪಕಾರ ಮಾಡುವ ಪ್ರಾಣಿ.

ಜನ ಸುತ್ತ ನಿಂತರೆ ತಾಯಿ ಬರುವುದಿಲ್ಲ. ಮನೆಗೆ ತಂದು ದನದ ಹಾಲು ಕುಡಿಸಿದ ಮರಿಗಳು ಭೇದಿಯಾಗಿ ಸತ್ತದ್ದನ್ನು ನಾನೇ ನೋಡಿದ್ದೇನೆ. ಕೈಯಲ್ಲಿ ಹಿಡಿಯುವಷ್ಟು ಪುಟ್ಟ ಜೀವ, ಎರಡು ದಿನ ಕೂಗಿ ಕೂಗಿ ಸುಮ್ಮನಾಯಿತು. ಇಡುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧವೂ ಹೌದು. ಅರಣ್ಯ ಕಚೇರಿಗೆ ಈಗಲೇ ಫೋನ್ ಮಾಡಿ ತಿಳಿಸಿ.

ಬದಿಯಡ್ಕದಿಂದ:
ಕೊನೆಯದೊಂದು ಸರ್. ನಿಜವಾದ ಚಿರತೆಯೇ ಎದುರಾದರೆ?

ಉತ್ತರ:
ಓಡಬೇಡಿ, ಕೂರಬೇಡಿ, ಬಗ್ಗಬೇಡಿ. ಮಕ್ಕಳಿದ್ದರೆ ಹತ್ತಿರ ಎಳೆದುಕೊಳ್ಳಿ. ಅದರತ್ತ ಮುಖ ಮಾಡಿಕೊಂಡೇ ಗಟ್ಟಿಯಾಗಿ ಮಾತಾಡುತ್ತ ನಿಧಾನ ಹಿಂದೆ ಸರಿಯಿರಿ, ಅದು ಹೋಗಲು ದಾರಿ ಬಿಡಿ. ರಾಣಿಪುರಂನಲ್ಲಿ ನಾನು ಇದಕ್ಕಿಂತ ಜಾಸ್ತಿ ಎಚ್ಚರ ವಹಿಸುವುದು ಆನೆಗೆ. ತಲಕಾವೇರಿ ಕಡೆಯ ಕಾಡು ಅಲ್ಲೇ ತಾಗಿಕೊಂಡಿದೆ. ಹಸಿ ಲದ್ದಿ ಕಂಡರೆ ವಾಪಸ್ ಬನ್ನಿ. ಅಮ್ಮನಿಗೆ ಫೋಟೋ ತೋರಿಸಿ ಹೇಳಿ, ಅದು ಬೆಕ್ಕು ಅಂತ.

ಮುಳ್ಳೇರಿಯಾದಿಂದ:
ನಾಣ್ಯ ಇಟ್ಟು ನೋಡಿದೆ ಸರ್. ಒಂದೂವರೆ ನಾಣ್ಯದಷ್ಟು ಅಗಲ.

ಉತ್ತರ:
ಸುಮಾರು 4 ಸೆಂಟಿಮೀಟರ್. ಕಾಡುಬೆಕ್ಕು ಇರಬೇಕು, ನೀರಿಗೆ ಬಂದಿದೆ. ಧೈರ್ಯವಾಗಿ ಪಂಪ್ ಹಾಕಿ.